ಮೇಯರ್ ಬಿಟ್ಟುಹೋದ ಕುರ್ಚಿ

ಸತ್ವಾ, ದುಬೈ
17 ನವೆಂಬರ್ 2011, ಗುರುವಾರ

ಪ್ರೀತಿಯ ಸ್ಟೇಸಿಯ ಪಪ್ಪಾ,

ಸೊಂಟದ ನೋವು ಹೇಗಿದೆ? ರುವೈಸಿನ ಪ್ಲಾಂಟಿನ ಮೆಸ್ಸಿನ ಊಟ ಹೊಟ್ಟೆಗೆ ಹಿಡಿಸುತ್ತಿದೆಯೇ? ನಾವಿಬ್ಬರೂ ದೇವರ ದಯೆಯಿಂದ ಸೌಖ್ಯ. ಫೋನ್ ಇರುವಾಗ ಇವಳಿಗೇನು ಪತ್ರದ ಹುಚ್ಚು ಎಂದು ನಗಬೇಡಿ. ಈ ವಿಲ್ಲಾ ನಡೆಸುವ ಆನ್ಸೆಲ್ಮ್ ಬಾಬ್ ಪ್ಲೈವುಡ್ ಗೋಡೆಯಾಚೆ ಕೆಮ್ಮಿದರೆ ಇಲ್ಲಿ ಸ್ಟೇಸಿ ಎದ್ದು ಕೂರುತ್ತಾಳೆ. ನಾನು ಕೊಂಕಣಿಯಲ್ಲಿ ಪಿಸುಗುಟ್ಟಿದರೂ ಅವರಿಗೆ ಕೇಳದೇ? ಅವರು ಮುಂಬಯಿಯಲ್ಲಿ ಬೆಳೆದವರು, ಕನ್ನಡದ ಒಂದಕ್ಷರ ಓದಲು ಬಾರದು. ಅದಕ್ಕೇ ಕನ್ನಡದಲ್ಲಿ ಬರೆದು, ನಾಳೆ ಡ್ಯೂಟಿಗೆ ಮರಳುವ ನಿಮ್ಮ ರೂಮಿನ ಲಿಡ್ವಿನ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಸ್ಟೇಸಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ, ನೂರು ವರ್ಷ ಹಿಂದೆ ಅಮೆರಿಕದ ಒಂದು ನಗರದಲ್ಲಿದ್ದ ಮೇಯರನ ಜೀವನಚರಿತ್ರೆ. ಹಡಗಿನಿಂದ ಇಳಿದ ಪರದೇಶಿಗಳಿಗೆ ಕೋಣೆ ಹುಡುಕಿಕೊಡುತ್ತಿದ್ದನಂತೆ, ಚಳಿಗಾಲದಲ್ಲಿ ಬಡವರ ಮನೆಗೆ ಕಲ್ಲಿದ್ದಲು ಕಳಿಸುತ್ತಿದ್ದನಂತೆ, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದನಂತೆ. ಆಮೇಲೆ ವೋಟು ಕೇಳುವುದು! ಆನ್ಸೆಲ್ಮ್ ಬಾಬ್ ಪಕ್ಕದಲ್ಲೇ ಕೂತು ಚಿತ್ರ ಅಂಟಿಸಿಕೊಟ್ಟರು. "ಈ ವಿಲ್ಲಾಕ್ಕೆ ನಾನೇ ಮೇಯರ್ ಅಲ್ವಾ ಬೇಬಿ" ಎಂದು ನಕ್ಕರು. ಸುಳ್ಳಲ್ಲ ಮಾರಾಯ್ರೇ. ವಿಲ್ಲಾದ ಬಾಡಿಗೆ ಕಾಂಟ್ರಾಕ್ಟ್ ಅವರ ಹೆಸರಲ್ಲಿ, ನಾವು ಐದು ಮನೆಯವರು ಅವರ ನೆರಳಲ್ಲಿ. ಸ್ಟೇಸಿಗೆ ಜ್ವರ ಏರಿದಾಗ ಎತ್ತಿಕೊಂಡು ಟ್ಯಾಕ್ಸಿಗೆ ಓಡಿದವರೂ ಅವರೇ. ಅದನ್ನು ಮರೆತರೆ ನನ್ನ ಬಾಯಿಗೆ ಹುಳ ಬೀಳಲಿ.

ಆದರೆ ಹೋದ ವಾರದಿಂದ ಅವರ ಒಳ್ಳೆಯತನ ಸ್ವಲ್ಪ ಅತಿಯಾಗಿದೆ. ಮೊದಲು ದೇರಾದ ಮಾರ್ಕೆಟ್ಟಿನಿಂದ ಮೀನು ತಂದರೆ ಎಲ್ಲರಿಗೂ ಪಾಲು. ಈಗ ಅಂಜಲ್ ನೇರ ನಮ್ಮ ಬಾಣಲೆಗೆ. ಅಡುಗೆಮನೆಯ ಸರದಿಯಲ್ಲೂ ನಾನೇ ಮೊದಲು. ಉಳಿದ ಹೆಂಗಸರು ಮುಖ ಊದಿಸಿಕೊಂಡಿದ್ದಾರೆ. ಏನಪ್ಪಾ ಇದು ಎಂದುಕೊಳ್ಳುವಷ್ಟರಲ್ಲಿ ವಿಷಯ ಹೊರಬಿತ್ತು. "ನಿನ್ನ ಆಲ್ಫೋನ್ಸ್ ಮರ್ಯಾದಸ್ಥ. ಕಾಂಟ್ರಾಕ್ಟ್ ಅವನ ಹೆಸರಿಗೆ ಮಾಡುವ. ನನಗೆ ವಯಸ್ಸಾಯ್ತು" ಎಂದರು ಬಾಬ್. ವಯಸ್ಸು ಒಂದೇ ವಾರದಲ್ಲಿ ಆಯಿತೇ? ಹಿಂದಿನ ಬೀದಿಯ ವಿಲ್ಲಾಕ್ಕೆ ಇನ್‌ಸ್ಪೆಕ್ಷನ್‌ನವರು ಬಂದು, ನಮ್ಮಲ್ಲಿರುವಂಥದೇ ಕಾನೂನಿಗೆ ವಿರುದ್ಧದ ಪ್ಲೈವುಡ್ ಪಾರ್ಟಿಷನ್ ಕಂಡದ್ದೂ ಅದೇ ವಾರ. ಅಲ್ಲಿದ್ದವರು ಗಂಟುಮೂಟೆ ಕಟ್ಟಿ ಹೋದರು. ಕಾಂಟ್ರಾಕ್ಟಿನಲ್ಲಿ ಹೆಸರಿದ್ದವನು ಮಾತ್ರ ಕೇಸಿನಲ್ಲಿ ಸಿಕ್ಕಿ ಊರಿಗೂ ಹೋಗಲಾಗದೆ ಕೂತಿದ್ದಾನೆ.

ನಿನ್ನೆ ಸ್ಟೇಸಿಯನ್ನು ಪ್ರಾಜೆಕ್ಟ್ ಮುಗಿಯಿತಾ ಎಂದು ಕೇಳಿದೆ. "ಎಂಡಿಂಗ್ ಬೇಡ ಅಂದ್ರು ಆನ್ಸೆಲ್ಮ್ ಅಂಕಲ್. ಮೇಯರನಿಗೆ ಸನ್ಮಾನ ಆಗುವ ತನಕ ಬರೆದ್ರೆ ಸಾಕಂತೆ, ಮಮ್ಮಿ." ಎಂಡಿಂಗಿನಲ್ಲಿ ಏನಿದೆ ಗೊತ್ತೇ? ಲಂಚದ ವಿಚಾರಣೆ ಶುರುವಾಗುವ ಮೊದಲೇ ಮೇಯರ್ ತನ್ನ ನಂಬಿಕಸ್ಥ ಸ್ನೇಹಿತನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಹಡಗು ಹತ್ತಿದನಂತೆ. ಜೈಲಿಗೆ ಹೋದದ್ದು ಆ ಸ್ನೇಹಿತ.

ನಾನು ಸಂಶಯದ ಹೆಂಗಸೆಂದು ನಿಮ್ಮ ಅಮ್ಮನೂ ಹೇಳುತ್ತಿದ್ದರು. ಇರಲಿ. ನನ್ನದು ತಪ್ಪಾಗಿದ್ದರೆ ಶುಕ್ರವಾರದ ಬಲಿಪೂಜೆಯಲ್ಲಿ ಮೊಣಕಾಲೂರಿ ಕ್ಷಮೆ ಕೇಳುತ್ತೇನೆ. ಆದರೆ ನಿಮ್ಮದು ಬೆಣ್ಣೆಯಂಥ ಮನಸ್ಸು. ಯಾರಾದರೂ ಬೆನ್ನು ತಟ್ಟಿದರೆ ಸಾಕು, ಪೆನ್ನು ತೆಗೆಯುತ್ತೀರಿ. ಅದೇ ನನಗೆ ಹೆದರಿಕೆ.

ಮರಿಯಮ್ಮ ನಿಮ್ಮನ್ನು ಕಾಯಲಿ. ಸ್ಟೇಸಿ ಒಂದು ಮುತ್ತು ಕಳಿಸಿದ್ದಾಳೆ.

ನಿಮ್ಮ
ಮಾರ್ಟಿನಾ

ತಾ.ಕ.: ಲಿಡ್ವಿನ್ ಇವತ್ತೇ ಹೊರಟುಬಿಟ್ಟನಂತೆ. ಆನ್ಸೆಲ್ಮ್ ಬಾಬ್ ಕಾಂಟ್ರಾಕ್ಟ್ ಹಿಡಿದುಕೊಂಡು ಈಗಲೇ ನಿಮ್ಮ ಹತ್ತಿರ ಹೊರಟಿದ್ದಾರೆ. ನಿಮ್ಮ ಫೋನು ಪ್ಲಾಂಟಿನ ಗೇಟಿನಲ್ಲಿದೆ, ಡ್ಯೂಟಿ ಮುಗಿಯುವವರೆಗೆ ಸಿಗುವುದಿಲ್ಲ. "ಗಂಡನಿಗೆ ಪತ್ರವಾ? ಕೊಡು ಮಾರ್ಟಿನಾ ಬಾಯಿ, ನಾನೇ ಮುಟ್ಟಿಸ್ತೇನೆ" ಎಂದು ಬಾಗಿಲಲ್ಲಿ ಕೈಚಾಚಿ ನಿಂತಿದ್ದಾರೆ. ಕೊಡದಿದ್ದರೆ ಅವರಿಗೆ ಅನುಮಾನ ಬರುತ್ತದೆ. ನೀವು ಇದನ್ನು ಓದುವಾಗ ಎದುರಿಗೇ ಕೂತಿರುತ್ತಾರೆ. ಪತ್ರದಲ್ಲೇನಿದೆ ಎಂದು ಕೇಳಿದರೆ ಸ್ಟೇಸಿಗೆ ಒಳ್ಳೆ ಮಾರ್ಕು ಬಂತೆಂದು ಹೇಳಿ ನಗಿ, ಚಹಾ ಕೊಡಿ, ಸಹಿ ಮಾತ್ರ ಹಾಕಬೇಡಿ. ಅಯ್ಯೋ ದೇವರೇ, ಅವರಿಗೆ ಕನ್ನಡ ಓದಲು ಬಾರದು ಎಂದು ನಮಗೆ ಹೇಳಿದವರೂ ಅವರೇ ಅಲ್ಲವೇ?