ಉಗುರೊಟ್ಟಿ

ಫೆಬ್ರವರಿ 4
ಕಳವಾದಲ್ಲಿ 6.12ರ ಲೋಕಲ್ ರೈಲು ತಪ್ಪಿತು. ಮುಂಬಯಿ ಪಕ್ಕದ ಠಾಣೆ ಊರು ತಲುಪುವಾಗ ಏಳು. ಅಡುಗೆ ಕೆಲಸಕ್ಕೆ ಹೋಗುವ ಸರಳಾ ಮೇಡಂ ಮನೆಯಲ್ಲಿ ರೊಟ್ಟಿ ಬಡಿದೆ. ಉಗುರಿಗೆ ಮೆತ್ತಿದ ಹಿಟ್ಟು ಕೆರೆದು ಕೊನೆಗೊಂದು ಪುಟ್ಟದು ಸುಟ್ಟೆ.
"ಇದೇನೇ?"
"ಉಗುರೊಟ್ಟಿ." ಅವ್ವನ ಮಾತು. ಮನೆಯ ಕಿರಿ ಕೂಸಿಗೆ ಕೊಡುವುದು.
ಮೇಡಂ ಕುಣಿದುಬಿಟ್ಟರು. ಮರೆತ ಪದಗಳನ್ನು ಮತ್ತೆ ಬಳಕೆಗೆ ತರಲು ಅವರದೊಂದು ವಾಟ್ಸಾಪ್ ಗ್ರೂಪ್ ಇದೆ. "ನೀನೇ ಬರೆದುಕೊಡು." ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ನಾಚಿಕೆ. ಆದರೂ ಎಂಟು ಸಾಲು ಬರೆದೆ.

ಫೆಬ್ರವರಿ 6
ಹೆಸರು ಬೇಡ ಅಂದಿದ್ದೆ. ಮೇಡಂ ಗ್ರೂಪಿನಲ್ಲಿ ಹಾಕಿದ್ದಾರೆ — ಮಾನಸಿ, ಕಳವಾ.
ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ನಳಿನಾಕ್ಷಿ ಆಂಟಿ ಉಡುಪಿಯವರು. ಅವರಿಗೂ ಪದ ಕಲಿಸಿದೆ. ಆಗಿನಿಂದ ಗೋಡೆ ಬಡಿದು ಕೇಳುತ್ತಾರೆ: "ಉಗುರೊಟ್ಟಿ ಉಂಟಾ ಮಾರಾಯ್ತಿ?"

ಫೆಬ್ರವರಿ 11
ಗ್ರೂಪಿನಲ್ಲಿ ಮಹಾದೇವಪ್ಪ ಅನ್ನುವವರು ಕೇಳಿದ್ದಾರೆ — "ಈ ಮಾತು ನಮ್ಮದೊಂದ ಊರಾಗ ಐತಿ. ನಿಮ್ಮವ್ವನ ಹೆಸರೇನವಾ?"
ಮೇಡಂ ಫೋನಿಗೆ ಕಳಿಸಿದ್ದನ್ನು ಖುಷಿಯಿಂದ ಅವ್ವನಿಗೆ ಓದಿ ಹೇಳಿದೆ. ಅವಳ ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು.
"ನಮ್ಮಣ್ಣ. ಏನ್ ಮಾಡಿದಿ ಮಗಳ..."
ಬೇರೆ ಜಾತಿಯ ಅಪ್ಪನ ಜೊತೆ ಓಡಿ ಬಂದವಳು ಅವ್ವ. ಭಿವಂಡಿಯ ಮಗ್ಗದಲ್ಲಿ ಅಪ್ಪ ಸತ್ತದ್ದು ಅಪಘಾತದಲ್ಲಿ ಅಂತ ನಂಬಿದ್ದೆ. ಅಲ್ಲವಂತೆ. ಅವ್ವನ ತವರಿನವರು ಹುಡುಕಿ ಬಂದಿದ್ದರಂತೆ. ನನ್ನ ಶಾಲೆ ನಿಂತದ್ದೂ ಆ ವರ್ಷವೇ.
ಯಾರಿಗೂ ಹೇಳಬೇಡ ಅಂದಳು.

ಫೆಬ್ರವರಿ 12
ನಾನು ಬರೆದದ್ದು ಅಳಿಸಿ ಅಂತ ಮೇಡಂ ಕಾಲು ಹಿಡಿಯುವುದೊಂದು ಬಾಕಿ.
ನಕ್ಕರು. "ಆ ಮಹಾದೇವಪ್ಪ ನಿನ್ನ ಸೋದರಮಾವನಂತಲ್ಲೇ! ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ? ಚಾಳಿನ ಹೆಸರು ಕೊಟ್ಟೆ. ಖೋಲಿ ನಂಬರ್ ನಂಗೂ ಗೊತ್ತಿಲ್ಲ, ಕೇಳ್ಕೊಂಡು ಹೋಗಿ ಅಂದೆ."

ಫೆಬ್ರವರಿ 14, ಮಧ್ಯಾಹ್ನ 2
ಚೀಲ ಕಟ್ಟಿಯಾಗಿದೆ. ಅವ್ವ ರೈಲು ಟಿಕೆಟ್ ತರಲು ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದಾಳೆ. ಚಿಲಕ ಹಾಕಿಕೋ, ಉಸಿರೆತ್ತಬೇಡ ಅಂದಿದ್ದಾಳೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

2.20
ಯಾರೋ ಬಾಗಿಲು ಬಾಗಿಲಲ್ಲಿ ಮಾನಸಿ ಎಲ್ಲಿ ಅಂತ ಕೇಳುತ್ತಾ ಬರುತ್ತಿದ್ದಾರೆ. ಚಾಳಿನಲ್ಲಿ ನಾನು ಚಿನ್ನು. ಅವ್ವನ ಹೆಸರೂ ಇಲ್ಲಿ ಬೇರೆ. ಎಲ್ಲರೂ ಗೊತ್ತಿಲ್ಲ ಅನ್ನುತ್ತಿದ್ದಾರೆ. ಹೋಗುತ್ತಾರೆ... ಹೋಗಬೇಕು.
ಈಗ ಪಕ್ಕದ ಬಾಗಿಲು. ಅವ್ವನ ಮಾತಿನ ಎಳೆತವೇ, ಗಂಡಸಿನ ದನಿಯಲ್ಲಿ —
"ಅಕ್ಕಾರ, ಇಲ್ಲಿ ಉಗುರೊಟ್ಟಿ ಮಾಡೋರು ಯಾರರ ಅದಾರೇನ್ರಿ?"
ನಳಿನಾಕ್ಷಿ ಆಂಟಿ ನಗುತ್ತಿದ್ದಾರೆ.
"ಓ, ಉಗುರೊಟ್ಟಿಯಾ! ಅದು ಇಲ್ಲೇ ಮಾರಾಯ್ರೇ, ಈ ಪಕ್ಕದ—