ಬೇಡ ಎಂದವರ ಲೆಕ್ಕ

ಮಾರ್ಚ್ 4, ಬೆಳಗ್ಗೆ 6:10

ಮೂರು ಬಗ್ ಮುಗಿಸಿದೆ. ಎರಡು ನಿಜವಾದವು. ಇನ್ನೊಂದು, ಯಾರೋ ಮಹಾನುಭಾವರು ಕೀಬೋರ್ಡಿನ ವೈರನ್ನೇ ಸಿಕ್ಕಿಸದೆ ಬರೆದ ದೂರು. ನಾವೊಂದಿಷ್ಟು ಜನ ಸಂಬಳವಿಲ್ಲದೆ ಕಟ್ಟುವ ಆಪರೇಟಿಂಗ್ ಸಿಸ್ಟಮ್‌ನ ಬಿಟ್ಟಿ ಚಾಕರಿಗೆ ಇವತ್ತಿಗೆ ಇಷ್ಟು ಸಾಕು. ಎಂಟೂವರೆಗೆ ಗ್ರಂಥಾಲಯ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವುದು ಹೊಟ್ಟೆಪಾಡು, ಇದು ಹುಚ್ಚು.

ಪಕ್ಕದ ಕೋಣೆಯಲ್ಲಿ ಅಕ್ಕ ಆಗಲೇ ಕೆಲಸಕ್ಕೆ ಕೂತಿದ್ದಾಳೆ. ಆಸ್ಪತ್ರೆಯ ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುತ್ತಾಳೆ. ಒಂದು ಕಿವಿಯಲ್ಲಿ ಡಾಕ್ಟರು, ಇನ್ನೊಂದರಲ್ಲಿ ಕಂಪ್ಯೂಟರ್. ಕಣ್ಣು ಹೋಗಿ ಹತ್ತೊಂಬತ್ತು ವರ್ಷ. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಆ ದನಿಗೆ ಅವಳಿಟ್ಟ ಹೆಸರು ಬಾಯಿಬಡುಕಿ. ಅದರ ವೇಗಕ್ಕೆ ನನಗಂತೂ ಒಂದಕ್ಷರವೂ ತಿಳಿಯುವುದಿಲ್ಲ.

"ಇವತ್ತು ಯಾರ ಮೇಲೋ ಕೋಪ? ಕೀಬೋರ್ಡ್ ಮುರಿಯೋ ಹಾಗೆ ಕುಟ್ತಿದೀಯಲ್ಲ!"

ಗೋಡೆಯಾಚೆಯಿಂದಲೂ ಅವಳಿಗೆ ಎಲ್ಲ ಗೊತ್ತಾಗುತ್ತದೆ.

ಮಾರ್ಚ್ 9

ಬಂತು. ನಮ್ಮ ಆಪರೇಟಿಂಗ್ ಸಿಸ್ಟಮ್‌ನಿಂದ ಹಳೇ ಪರದೆಯನ್ನು, ಅಂದರೆ ಕಿಟಕಿ, ಮೆನುಗಳ ಹಳೇ ವಿನ್ಯಾಸವನ್ನು, ಕಿತ್ತುಹಾಕಬೇಕಂತೆ. ಮುಂದಿನ ಆವೃತ್ತಿಯಲ್ಲೇ. ಈಗ ಲಾಗಿನ್ ಆಗುವಾಗ ಹಳೆಯದೋ ಹೊಸದೋ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆ ಹಳೆಯದನ್ನು ಹದಿಮೂರು ವರ್ಷ ಕಾದುಕೊಂಡು ಬಂದವನು ನಾನು. ಹೊಸದು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಹೊಸದರಲ್ಲಿ ಬಾಯಿಬಡುಕಿ ಅರ್ಧ ಮೂಗಿ. ಪ್ರಶ್ನೆ ಬಂದಿದೆ ಎನ್ನುತ್ತದೆ, ಪ್ರಶ್ನೆ ಏನೆಂದು ಓದುವುದಿಲ್ಲ.

ಪ್ರಸ್ತಾಪ ತಂದವನು ಅಂಕಿರಾಯ — ಹೆಸರು ನಾನಿಟ್ಟದ್ದು. ನಾವು ಪುಕ್ಕಟೆ ಮಾಡುವ ಕೆಲಸವನ್ನು ಕಂಪನಿಯೊಂದರ ಸಂಬಳ ತೆಗೆದುಕೊಂಡು ಮಾಡುವವನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಹಳೆಯದನ್ನು ಬಳಸುವವರು ನೂರಕ್ಕೆ ಅರ್ಧವೂ ಇಲ್ಲವಂತೆ. ಮೆಷಿನ್‌ಗಳಿಂದ ಬರುವ ಎಣಿಕೆ ಹಾಗೆ ಹೇಳುತ್ತದಂತೆ.

ಮಾರ್ಚ್ 10

ಹಳೆಯದೂ ಇರಲಿ ಎಂದು ಎಲ್ಲರಿಗೂ ಬರೆದದ್ದಕ್ಕೆ ಇನ್ನೂರ ಹದಿನಾಲ್ಕು ಉತ್ತರ. ಒಬ್ಬ ನನ್ನನ್ನು ಪಳೆಯುಳಿಕೆ ಎಂದ. ಇನ್ನೊಬ್ಬ — "ಕೋಡ್ ಎಲ್ರಿಗೂ ತೆರೆದಿದೆಯಲ್ಲ ಸಾರ್, ಬೇಕಿದ್ರೆ ನಿಮ್ಮದೇ ಬೇರೆ ಸಿಸ್ಟಮ್ ಮಾಡ್ಕೊಳ್ಳಿ." ಹಸಿದು ಬಂದವನಿಗೆ ಹೊಲ ತೋರಿಸಿ, ಉತ್ತು ಬಿತ್ತಿ ಉಂಡುಕೋ ಎಂದ ಹಾಗೆ.

ಕೆಟ್ಟ ಮಾತೊಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಅಳಿಸಲಿಲ್ಲ.

ಮಾರ್ಚ್ 15, ಮಧ್ಯಾಹ್ನ

ಊಟದ ಹೊತ್ತಿನಲ್ಲಿ ಅಂಕಿರಾಯನೇ ವಿಡಿಯೋ ಕಾಲ್ ಮಾಡಿದ. ಪುಸ್ತಕದ ಕಪಾಟುಗಳ ಹಿಂದೆ ನಿಂತು ಮಾತಾಡಿದೆ.

"ಕಣ್ಣು ಕಾಣದೋರಿಗೆ ಹಳೇದೇ ಬೇಕು ಅಂತೀರಿ. ನಂಬ್ತೀನಿ ಸಾರ್. ಆದ್ರೆ ಅವರೆಲ್ಲ ಎಲ್ಲಿದಾರೆ? ಓದೋ ದನಿ ಹಾಕ್ಕೊಂಡಿರೋ ಮೆಷಿನ್ ಎಣಿಕೆಯಲ್ಲಿ ಹನ್ನೊಂದೇ ಹನ್ನೊಂದು."

"ಏನ್ ಮಾತಾಡ್ತೀರಿ? ನಮ್ಮ ಗ್ರಂಥಾಲಯದಲ್ಲೇ ಹದಿನಾಲ್ಕಿವೆ. ಅಂಧರ ಶಾಲೆಯಲ್ಲಿ ಮೂವತ್ತು. ಮನೆಯಲ್ಲಿ ಒಂದು. ಎಲ್ಲ ನಾನೇ ಕೈಯಾರೆ ಹಾಕಿಕೊಟ್ಟಿದ್ದು."

"ಹಾಗಾದ್ರೆ ಎಣಿಕೆಗೆ ಯಾಕೆ ಬಂದಿಲ್ಲ?"

ಕಾಲ್ ಮುಗಿಸಿದೆ.

ಸಿಸ್ಟಮ್ ಹಾಕುವಾಗ ಕೊನೆಗೊಂದು ಪ್ರಶ್ನೆ ಬರುತ್ತದೆ: ನಿಮ್ಮ ಬಳಕೆಯ ವಿವರ ನಮಗೆ ಕಳಿಸಬಹುದೇ? ಹೌದು, ಬೇಡ. ಹೌದು ಎಂದವರಷ್ಟೇ ಎಣಿಕೆಗೆ ಸೇರುತ್ತಾರೆ. ಆ ಪ್ರಶ್ನೆ ಇರಲೇಬೇಕು, ಕೇಳದೆ ಯಾರ ವಿವರವನ್ನೂ ತೆಗೆದುಕೊಳ್ಳಬಾರದು ಎಂದು ಐದು ವರ್ಷದ ಹಿಂದೆ ಜಗಳವಾಡಿ ಗೆದ್ದವನು ನಾನೇ. ನಲವತ್ತೈದು ಮೆಷಿನ್‌ಗಳಲ್ಲೂ 'ಬೇಡ' ಒತ್ತಿದವನೂ ನಾನೇ. ಅಂಧರ ಶಾಲೆಯಲ್ಲಿ ನಿಂತು ಭಾಷಣ ಬೇರೆ ಮಾಡಿದ್ದೆ — ಯಾರು ಕೇಳಿದರೂ ಬೇಡ ಅನ್ನಿ, ನಿಮ್ಮ ಮನೆ, ನಿಮ್ಮ ಬಾಗಿಲು. ಚಪ್ಪಾಳೆ ತಟ್ಟಿದ್ದರು. ಅಕ್ಕ ಮುಂದಿನ ಸಾಲಿನಲ್ಲಿದ್ದಳು.

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದರೆ ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾಗಬಹುದಿತ್ತು. ಹಾಕಿದ್ದು ಅವರೆಲ್ಲರ ಕಾಲ ಮೇಲೆ.

ಮಾರ್ಚ್ 22

ಮತದಾನ ಮುಗಿಯಿತು. ಕಿತ್ತುಹಾಕಲು ಏಳು, ಉಳಿಸಲು ಎರಡು. ಆ ಎರಡನೆಯವನು ಆಮೇಲೆ ಮೇಲ್ ಹಾಕಿದ — ಕೈತಪ್ಪಿ ಒತ್ತಿಬಿಟ್ಟೆ, ಕ್ಷಮಿಸಿ.

ಅಂಕಿರಾಯ ನನಗೊಬ್ಬನಿಗೇ ಬರೆದಿದ್ದಾನೆ. ಆ ನಲವತ್ತೈದು ಎಣಿಕೆಯಲ್ಲಿದ್ದಿದ್ದರೆ ತಾನೇ ನನ್ನ ಪರ ಕೈ ಎತ್ತುತ್ತಿದ್ದನಂತೆ. ಸುಳ್ಳು ಹೇಳುವವನಲ್ಲ. ಅದೇ ಹೊಟ್ಟೆ ಉರಿಸುವುದು.

ಅಕ್ಕನಿಗೆ ಹೇಳಿಲ್ಲ.

ಜೂನ್ 2

ಎರಡು ತಿಂಗಳಿಗೂ ಮೇಲಾಯಿತು, ಇಲ್ಲಿ ಬರೆದು. ಬೆಳಗೆಲ್ಲ ಒಂದೇ ಕೆಲಸ — ಹೊಸ ಪರದೆಯಲ್ಲಿ ಬಾಯಿಬಡುಕಿಗೆ ಪೂರ್ತಿ ಬಾಯಿ ಬರಿಸುವುದು. ಅರ್ಧ ಆಗಿದೆ. ಉಳಿದದ್ದು ಒಬ್ಬನ ಕೈಲಾಗುವಂಥದ್ದಲ್ಲ. ನೆರವು ಕೇಳಿದೆ. ಬಂದ ಉತ್ತರ: "ಎಷ್ಟು ಜನಕ್ಕೆ ಬೇಕಾಗಿದೆ ಇದು?"

ಹನ್ನೊಂದು ಜನಕ್ಕೆ ಸ್ವಾಮಿ.

ಆಸ್ಪತ್ರೆಯಿಂದ ಅಕ್ಕನಿಗೆ ಪತ್ರ ಬಂದಿದೆ. ತಿಂಗಳ ಕೊನೆಯೊಳಗೆ ಎಲ್ಲರೂ ಹೊಸ ಆವೃತ್ತಿ ಹಾಕಿಕೊಳ್ಳಬೇಕು, ಹಳತು ಇದ್ದವರಿಗೆ ಕೆಲಸ ಕಳಿಸುವುದಿಲ್ಲ.

"ಹಾಕ್ಕೊಡೋ. ನಿಂದೇ ಸಿಸ್ಟಮ್ಮು, ನಂಗೇನು ಚಿಂತೆ?"

ಜೂನ್ 17

ಹೇಳಿದೆ. ಹಳೇ ಪರದೆ ಇನ್ನಿಲ್ಲ, ಹೊಸದರಲ್ಲಿ ಎಲ್ಲ ಓದುವುದಿಲ್ಲ, ಕೆಲಸಕ್ಕೆ ಮೂರು ಪಟ್ಟು ಹೊತ್ತು ಹಿಡಿಯಬಹುದು, ನಡೆಯದೆಯೂ ಹೋಗಬಹುದು ಎಂದು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಅಂದ್ರೆ ನಾನು ಲೆಕ್ಕಕ್ಕೇ ಇಲ್ಲ."

"ಹಾಗಲ್ಲ ಅಕ್ಕ. ನಿಮ್ಮಂಥೋರು ಇದೀರಿ ಅಂತಾನೇ ಅವರಿಗೆ ಗೊತ್ತಿಲ್ಲ."

"ಯಾಕೆ ಗೊತ್ತಿಲ್ಲ?"

ಕಂಪನಿಯವರು ಹಾಗೇ ಎಂದುಬಿಟ್ಟೆ. ಅಂಕಿರಾಯನನ್ನು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕನೂ ಜೊತೆಗೆ ಬೈದಳು, ತಮ್ಮನ ಪರವಾಗಿ.

ಹೇಡಿ ನಾನು.

ಜೂನ್ 29, ಬೆಳಗ್ಗೆ 7:40

ರಜೆ ಹಾಕಿದ್ದೇನೆ. ಅಕ್ಕನ ಮೆಷಿನ್‌ಗೆ ಹೊಸದು ಹಾಕಿದೆ. ಪಕ್ಕದಲ್ಲೇ ಕೂತಿದ್ದಳು, ಮೇಜಿನ ಅಂಚು ಹಿಡಿದು. ಎಲ್ಲ ಮುಗಿದು ಟಿಣ್ ಎಂದಿತು. ಬಾಯಿಬಡುಕಿ "ಪ್ರಶ್ನೆ" ಎಂದಳು. ಆಮೇಲೆ ಮಾತಿಲ್ಲ.

"ಏನಂತೋ? ಏನ್ ಕೇಳ್ತಿದೆ?"

ಓದಿ ಹೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಕಂಪ್ಯೂಟರನ್ನು ಅವಳಿಗೆ ಓದಿ ಹೇಳಿದ್ದು ಇದೇ ಮೊದಲು.

"ಅದೇ ಹಳೇ ಪ್ರಶ್ನೆನಾ? ಬೇಡ ಅಂತ ಒತ್ತು. ನಮ್ಮ ಮನೆ, ನಮ್ಮ ಬಾಗಿಲು. ನೀನೇ ತಾನೇ ಹೇಳ್ಕೊಟ್ಟಿದ್ದು?"

ನಕ್ಕಳು ಕೂಡ.

'ಹೌದು' ಒತ್ತಿದರೆ ನಾಳೆ ಎಣಿಕೆಯಲ್ಲಿ ಹನ್ನೆರಡು. ಶಾಲೆಗೂ ಹೋಗಿ ಒತ್ತಿದರೆ ನಲವತ್ತೆರಡು. ಗ್ರಂಥಾಲಯವೂ ಸೇರಿದರೆ ಐವತ್ತಾರು. ಆಗ ಅಂಕಿರಾಯ ಕೈ ಎತ್ತುತ್ತಾನೆ, ನೆರವಿಗೆ ಜನ ಬರುತ್ತಾರೆ, ಬಾಯಿಬಡುಕಿ ಮತ್ತೆ ಮಾತಾಡುತ್ತಾಳೆ. ಯಾವುದನ್ನು ಒತ್ತಿದರೂ ಸದ್ದಾಗುವುದಿಲ್ಲ. ಬಳಸುವವರ ಪರವಾಗಿ ತೀರ್ಮಾನ ಮಾಡಲು ನೀವು ಯಾರು ಎಂದು ಮೂರು ತಿಂಗಳು ಊರೆಲ್ಲ ಕೇಳುವಂತೆ ಕೂಗಾಡಿದ್ದೆ.

"ಒತ್ತಿದೆಯೇನೋ?"

"ಒತ್ತಿದೆ ಅಕ್ಕ."

"ಬೇಡ ಅಂತ ತಾನೇ?"

ಹೂಂ ಎಂದೆ. ಒತ್ತಿದ್ದು —