ಬಳೆಯ ಗುರುತು ಬಿದ್ದ ಗೋಡೆ

ಗೆಳತಿ ಶಾಂತವ್ವ,

ಆ ದಿನ ನೆನಪಿದೆಯಾ? ಗದಗಿನ ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ ಕೂಲಿಗೆ ನಿಂತಿದ್ದೆವು. ಕರಣಿ ಹಿಡಿಯುವ ಮೇಸ್ತ್ರಿಗೆ ನಮ್ಮದರ ಎರಡರಷ್ಟು ಪಗಾರ ಯಾಕೆ ಎಂದು ನೀನು ಗುತ್ತೇದಾರನನ್ನು ಕೇಳಿಯೇಬಿಟ್ಟೆ.

"ಅದಕ್ಕ ತಲಿ ಬೇಕವಾ," ಅಂದ.

"ನಾವು ಸಿಮೆಂಟ್ ಬುಟ್ಟಿ ಹೊರೋದು ಮತ್ತ ಎದರ ಮ್ಯಾಲ, ಮೊಣಕಾಲ ಮ್ಯಾಲೇನ್ರಿ?" ಅಂದೆ ನೀನು.

ಒಂದು ವಾರ ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನೀನಂತೂ ರಜೆ ಸಿಕ್ಕವಳ ಹಾಗೆ ನಗುತ್ತಲೇ ಇದ್ದೆ.

ನೀನು ನಮ್ಮನ್ನೆಲ್ಲ ಅಗಲಿ ಹೋದ ಮೇಲೆ ನಡೆದದ್ದು ಕೇಳು. ಬೆಟಗೇರಿಯ ಒಂದು ಹೊಸ ಮನೆಯ ಗೋಡೆಗಳಿಗೆ ಸಿಮೆಂಟ್ ಬಳಿಯುವ ಗಿಲಾವು ನಡೆದಿತ್ತು. ಮೇಸ್ತ್ರಿ ಬಸಪ್ಪಣ್ಣನ ಸೊಂಟ ಹಿಡಿಯಿತು. ಅವನು ನೆರಳಲ್ಲಿ ಮಲಗಿದ. ನಾನು ಕರಣಿ ಎತ್ತಿಕೊಂಡು ಒಂದಿಡೀ ಗೋಡೆ ಮುಗಿಸಿದೆ. ಹದಿನಾರು ವರ್ಷ ಪಕ್ಕದಲ್ಲೇ ನಿಂತು ನೋಡಿದವಳಿಗೆ ಅದೇನು ಮಹಾ...

ಸಂಜೆ ಅದೇ ಗುತ್ತೇದಾರ ಬಂದು ಗೋಡೆ ಸವರಿದ. "ಬಸಪ್ಪಾ, ಏನ್ ಕೈ ಲೇ ನಿಂದು! ಬೆಣ್ಣಿ ಸವರಿದಂಗ ಐತಿ!" ಬಸಪ್ಪಣ್ಣ ಸೊಂಟ ಹಿಡಿದುಕೊಂಡೇ ನಾಚಿದ. ನನಗೆ ಮೈಯೆಲ್ಲ ಉರಿಯಿತು.

"ಆ ಕೈ ನಂದ್ರಿ," ಅಂದೆ. ಗುತ್ತೇದಾರ ನಕ್ಕ. ಗೋಡೆಯ ಮೂಲೆಗೆ ಕರೆದೊಯ್ದು, ಹಸಿ ಸಿಮೆಂಟಿನಲ್ಲಿ ನನ್ನ ಬಳೆಗಳು ಒತ್ತಿ ಮೂಡಿದ್ದ ಗೆರೆ ತೋರಿಸಿದೆ. ಅವನು ಬಗ್ಗಿ ನೋಡಿ, ಹಿಂದಕ್ಕೆ ತಿರುಗಿದ. "ಬಸಪ್ಪಾ, ಬಳಿ ಯಾವಾಗಿಂದ ಇಟ್ಕೊಳ್ಳಾಕ ಹತ್ತೀದಿ?"

ಆದರೂ ಪಗಾರದ ಮಾತು ಬಂದಾಗ, "ಕೈ ಛಲೋ ಐತಿ ಖರೆ. ಆದ್ರ ಹೆಣ್ಮಕ್ಕಳ ಪಗಾರ ಇದ್ದಷ್ಟ," ಅಂದುಬಿಟ್ಟ.

ಮರುದಿನವೂ ಬಸಪ್ಪಣ್ಣನ ಸೊಂಟ ಬಿಟ್ಟಿರಲಿಲ್ಲ. ನಾನು ಮುಂದಿನ ಗೋಡೆಯನ್ನು ನಡುಮಟ್ಟ ಗಿಲಾವು ಮಾಡಿ ಕೈ ತೊಳೆದುಕೊಂಡೆ. ಗುತ್ತೇದಾರ ಓಡಿ ಬಂದ.

"ಅರ್ಧಾ ಪಗಾರಕ್ಕ ಅರ್ಧಾ ಗ್ವಾಡಿರಿ," ಅಂದೆ. ಬಾಯೇನೋ ಜೋರಿತ್ತು. ಮತ್ತೆ ಯಾರೂ ಕೆಲಸಕ್ಕೆ ಕರೆಯದಿದ್ದರೆ? ಮನೆಯಲ್ಲಿ ನನ್ನ ಬಿಟ್ಟರೆ ದುಡಿಯುವವರು ಯಾರಿದ್ದಾರೆ?

ಕೆಲಸ ನೋಡಲು ಬಂದಿದ್ದ ಮನೆಯೊಡತಿಗೆ ಎಂಟು ದಿನದಲ್ಲಿ ಗೃಹಪ್ರವೇಶ. ಆಕೆ ಸೊಂಟಕ್ಕೆ ಕೈಯಿಟ್ಟು ಗುತ್ತೇದಾರನನ್ನು ಕೇಳಿದಳು: "ಉಳಿದದ್ದು ನೀವು ಮಾಡ್ತೀರೇನು?"

ಅವನು ಏಣಿ ನೋಡಿದ, ತನ್ನ ಹೊಟ್ಟೆ ನೋಡಿಕೊಂಡ, ನನ್ನತ್ತ ತಿರುಗಿದ. "ಆತು ತಾಯಿ, ಏರು. ಮೇಸ್ತ್ರಿ ಪಗಾರನ ಕೊಡ್ತೀನಿ."

ನಾಳೆ ಮುಂಡರಗಿಯಲ್ಲಿ ಹೊಸ ಕೆಲಸ, ಶಾಂತವ್ವ. ನಿನ್ನ ಮಗಳು ರೇಣುಕಾ ಗಿಲಾವು ಕಲಿಯಲು ನನ್ನ ಜೊತೆ ಬರುತ್ತಿದ್ದಾಳೆ. "ಕಲಿಯಾಕ ಎಷ್ಟು ದಿನ ಬೇಕು ಚಿಗವ್ವ?" ಎಂದು ಕೇಳಿದಳು. ಕಲಿಯಲು ಆರು ತಿಂಗಳು ಸಾಕು, ಗುತ್ತೇದಾರರನ್ನು ಒಪ್ಪಿಸಲು ನನಗೆ ಹದಿನಾರು ವರ್ಷ ಹಿಡಿಯಿತು ಅಂದೆ. ಅವಳಿಗೆ ಅಷ್ಟು ಹಿಡಿಯದಂತೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ
ನೀಲವ್ವ ಮೇಸ್ತ್ರಿ